ಎಂಬತ್ತನೇ ನಂಬರಿನ ಸಮಾಧಿ

ಅಕ್ಟೋಬರ್ 7, 2023, ಶನಿವಾರ
ಬಾಲ್ಟಿಮೋರ್

ಅಮೆರಿಕದ ಕವಿ, ಭಯದ ಕತೆಗಾರ ಎಡ್ಗರ್ ಅಲನ್ ಪೋ ತೀರಿಕೊಂಡ ದಿನ ಇವತ್ತು. 1849ರಲ್ಲಿ, ಇದೇ ಊರಿನ ಆಸ್ಪತ್ರೆಯಲ್ಲಿ, ನಲವತ್ತನೇ ವಯಸ್ಸಿಗೆ. ಬೆಳಿಗ್ಗೆಯೇ ಎದ್ದು ಫಯೆಟ್ ಬೀದಿಯ ಸ್ಮಶಾನಕ್ಕೆ ಹೋಗಿ ಬಂದೆ.

1875ರಲ್ಲಿ ನಿಲ್ಲಿಸಿದ ಅಮೃತಶಿಲೆಯ ಸ್ಮಾರಕದ ಮೇಲೆ ಪೆನ್ನಿ ನಾಣ್ಯಗಳಿದ್ದವು. ಅದನ್ನು ಕಟ್ಟಿಸಲು ಶಾಲೆಯ ಮಕ್ಕಳೂ ಚಿಲ್ಲರೆ ಕೂಡಿಸಿದ್ದರಂತೆ. ನನ್ನ ಕಾಲು ಮಾತ್ರ ಹಿಂಬದಿಗೇ ಎಳೆಯಿತು. ಮೊದಲು ಅವನನ್ನು ಹೂತಿದ್ದು ಅಲ್ಲಿ. ಈಗ ಕಾಗೆಯನ್ನು ಕೆತ್ತಿದ ಕಲ್ಲಿದೆ. ಆಗ ಬಹಳ ಕಾಲ ಇದ್ದದ್ದು 80 ಎಂಬ ಅಂಕಿಯ ಒಂದು ಮರಳುಗಲ್ಲು, ಅಷ್ಟೇ. ಬಂಧುವೊಬ್ಬ ಮಾಡಿಸಿದ್ದ ಸಮಾಧಿಗಲ್ಲು ಕಲ್ಲುಕುಟಿಗನ ಅಂಗಳದಲ್ಲಿದ್ದಾಗಲೇ, ಹಳಿ ತಪ್ಪಿದ ರೈಲು ನುಗ್ಗಿ ಪುಡಿಯಾಯಿತು ಎನ್ನುತ್ತಾರೆ.

ಸಾವಿನ ಸುತ್ತ ಕತೆಗಳು ನೂರು. ಅಕ್ಟೋಬರ್ 3, ಚುನಾವಣೆಯ ದಿನ. ಮತಗಟ್ಟೆಯಾಗಿದ್ದ ಒಂದು ಹೆಂಡದಂಗಡಿಯ ಬಳಿ ಅರೆಪ್ರಜ್ಞೆಯಲ್ಲಿ ಸಿಕ್ಕ. ಮೈಮೇಲಿದ್ದದ್ದು ಅವನದಲ್ಲದ ಬಟ್ಟೆ. ಆ ಕಾಲದಲ್ಲಿ ಪುಂಡರು ದಾರಿಹೋಕರನ್ನು ಕೂಡಿಹಾಕಿ, ಕುಡಿಸಿ, ವೇಷ ಬದಲಿಸಿ ಮತ್ತೆ ಮತ್ತೆ ಓಟು ಹಾಕಿಸುತ್ತಿದ್ದರು. ಅವರ ಕೈಗೇ ಸಿಕ್ಕಿರಬೇಕು ಎಂಬುದು ಒಂದು ಊಹೆ. ಹುಚ್ಚುನಾಯಿ ರೋಗ ಎಂಬುದು ಇನ್ನೊಂದು. ಆರೈಕೆ ಮಾಡಿದ ಡಾಕ್ಟರ್ ಮೋರನ್ ವರ್ಷ ಕಳೆದಂತೆ ತನ್ನ ಮಾತನ್ನೇ ಬದಲಿಸುತ್ತ ಹೋದ.

ನನಗೆ ಸಿಟ್ಟು ಬರುವುದು ಪೋನನ್ನು ಕಂಡರಾಗದ ಬರಹಗಾರ ರೂಫಸ್ ಗ್ರಿಸ್‌ವೋಲ್ಡ್ ಮೇಲೆ. ಹೂತ ಮರುದಿನವೇ ‘ಲುಡ್ವಿಗ್’ ಎಂಬ ಸುಳ್ಳು ಹೆಸರಿನಲ್ಲಿ ಪತ್ರಿಕೆಗೆ ಬರೆದ, ಇವನ ಸಾವಿಗೆ ಮರುಗುವವರು ಕೆಲವರೇ ಎಂದು. ಆಮೇಲೆ ಇವನ ಕೃತಿಗಳ ಸಂಪಾದಕನೂ ಅವನೇ ಆದ. ಪತ್ರಗಳನ್ನು ತಿದ್ದಿ, ಕುಡುಕ, ಕೃತಘ್ನ ಎಂಬ ಚಿತ್ರ ಬಿಡಿಸಿಟ್ಟ. ಭಯದ ಕತೆ ಬರೆದವನ ಬದುಕೂ ಹಾಗೇ ಇದ್ದಿರಬೇಕೆಂದು ಜನ ನಂಬಿದರು. ಇವತ್ತಿಗೂ ನಂಬುತ್ತಾರೆ.

ಮರುಗಿದವಳು ಒಬ್ಬಳಂತೂ ಇದ್ದಳು. ಮರಿಯಾ ಕ್ಲೆಮ್. ಪೋನ ಅಪ್ಪನ ತಂಗಿ, ಹೆಂಡತಿಯ ತಾಯಿ. ನಮ್ಮಲ್ಲಾದರೆ ಎರಡಕ್ಕೂ ಒಂದೇ ಮಾತು, ಅತ್ತೆ. (ಮದುವೆಯಾದಾಗ ಅವನಿಗೆ 27, ವರ್ಜೀನಿಯಾಗೆ 13. ಅದನ್ನು ಒಪ್ಪಲು ನನ್ನಿಂದ ಆಗದು.) ವರ್ಜೀನಿಯಾ 1847ರಲ್ಲಿ ಕ್ಷಯದಿಂದ ಹೋದಮೇಲೂ ಅಳಿಯನನ್ನು ಸಾಕಿದ್ದು ಈಕೆಯೇ. ಸಾವಿನ ಸುದ್ದಿ ಆಕೆಗೆ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು. ಆಗ ಬರೆದ ಕಾಗದದಲ್ಲಿ ಅವನನ್ನು ‘ನನ್ನ ಮಗ’ ಎಂದೇ ಕರೆದಿದ್ದಾಳೆ.

ಹತ್ತಾರು ವರ್ಷ ಪ್ರತಿ ಜನವರಿ 19ರ ನಸುಕಿನಲ್ಲಿ, ಅವನ ಹುಟ್ಟುಹಬ್ಬಕ್ಕೆ, ಮುಖ ಮುಚ್ಚಿಕೊಂಡ ಒಬ್ಬರು ಇಲ್ಲಿಗೆ ಬಂದು ಅರ್ಧ ಬಾಟಲಿ ಕೊನ್ಯಾಕ್ ಬ್ರಾಂದಿ, ಮೂರು ಗುಲಾಬಿ ಇಟ್ಟುಹೋಗುತ್ತಿದ್ದರು. 2009ರ ನಂತರ ಬರಲಿಲ್ಲ. ಮೂರನೆಯ ಹೂವು ಅತ್ತೆಯದು ಎನ್ನುತ್ತಾರೆ. ಸ್ಮಾರಕದ ಕೆಳಗೆ ಮೂವರೂ ಒಟ್ಟಿಗೇ ಇದ್ದಾರೆ.

ನಾನು ಒಯ್ದಿದ್ದು ಒಂದೇ ಹೂವು. ಮರಿಯಾಳ ಹೆಸರಿರುವ ಬದಿಗೆ ಇಟ್ಟು ಬಂದೆ.