ಅಪ್ಪನ ಕಿವಿಯ ಸೆಲ್ಲು

ಮೊದಲ ರೀಲು ತೊಳೆದು ಬಂದಾಗ ಮೂವತ್ತಾರು ಚಿತ್ರಗಳೂ ದೀಪ ಹಚ್ಚುವ ಹೊತ್ತಿನಲ್ಲಿ ತೆಗೆದಂತಿದ್ದವು. ನಾನು ತೆಗೆದದ್ದು ಫೆಬ್ರವರಿಯ ನಡುಹಗಲಿನಲ್ಲಿ, ಚಿತ್ರದುರ್ಗದ ಕೋಟೆಯ ಮೇಲೆ. ಆ ಹೊತ್ತಿಗೆ ಅಲ್ಲಿನ ಬಂಡೆಗಳ ಮೇಲೆ ಹಪ್ಪಳ ಸುಡಬಹುದು. ಚಿತ್ರದಲ್ಲಿ ಮಾತ್ರ ಬಂಡೆಯ ಬುಡವೆಲ್ಲ ಕೊಳೆತ ಸೊಪ್ಪಿನ ಬಣ್ಣ. ನೆರಳಿರುವಲ್ಲಿ ರವೆ ಚೆಲ್ಲಿದಂತೆ ಕಾಳು ಕಾಳು.

ಕ್ಯಾಮೆರಾ ಅಪ್ಪನದು. ಮಿನೋಲ್ಟಾ ಎಸ್‌ಆರ್‌ಟಿ 101, ಜಪಾನಿನಲ್ಲಿ 1966ರಲ್ಲಿ ಹೊರಬಂದ ಮಾದರಿ. ಡ್ರಾಯಿಂಗ್ ಮೇಷ್ಟರಾಗಿದ್ದ ಅಪ್ಪ ಅದನ್ನು ಯಾರಿಂದಲೋ ಹಳೆಯದಾಗಿಯೇ ಕೊಂಡು, ಶಾಲೆಯ ಪ್ರವಾಸಗಳಿಗೆಲ್ಲ ಕೊರಳಿಗೆ ಹಾಕಿಕೊಂಡು ಹೋಗಿ, ಆಮೇಲೆ ಇಪ್ಪತ್ತು ವರ್ಷ ಬೀರುವಿನಲ್ಲಿ ನುಸಿಗುಳಿಗೆಗಳ ಜತೆ ಮಲಗಿಸಿದ್ದರು. ಎಬ್ಬಿಸಿದವಳು ನಾನು. "ಇನ್ನೂ ನಿದ್ದೆಗಣ್ಣಿನಲ್ಲೇ ಇದೆಯಲ್ಲ ತಾಯಿ" ಎಂದರು, ಚಿತ್ರಗಳನ್ನು ಒಂದೊಂದಾಗಿ ಕಣ್ಣ ಹತ್ತಿರ ಹಿಡಿದು.

ನನ್ನ ಸಿಟ್ಟು ಹೋದದ್ದು ಫಿಲ್ಮ್ ತೊಳೆದ ಬೆಂಗಳೂರಿನ ಲ್ಯಾಬಿನವರ ಮೇಲೆ. ಫೋನ್ ಮಾಡಿ ಜಗಳ ತೆಗೆಯುವ ಮುನ್ನ ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದದ್ದು ಒಳ್ಳೆಯದಾಯಿತು. ಚಿತ್ರಗಳೆಲ್ಲ ನೀರು ಮಜ್ಜಿಗೆಯ ಹಾಗೆ ತೆಳ್ಳಗಿದ್ದವು. ಆದರೆ ಫಿಲ್ಮಿನ ಅಂಚಿನಲ್ಲಿ ಕಾರ್ಖಾನೆಯಲ್ಲೇ ಮೂಡಿಸಿಟ್ಟ ಅಂಕಿ, ಅಕ್ಷರಗಳು ಗಟ್ಟಿಯಾಗಿದ್ದವು. ತೊಳೆಯುವುದರಲ್ಲಿ ಎಡವಿದ್ದರೆ ಅವೂ ಮಸುಕಾಗಬೇಕಿತ್ತು. ಅಂದರೆ ಫಿಲ್ಮಿಗೆ ಬೆಳಕೇ ಸಾಲಲಿಲ್ಲ. ಫಿಲ್ಮಿನ ಮುಂದೆ ಕ್ಷಣಕಾಲ ತೆರೆದು ಮುಚ್ಚುವ ಪರದೆ, ಅಂದರೆ ಷಟರ್, ಕೆಟ್ಟಿದೆಯೇ? ಹಳೆಯ ಷಟರ್ ಸಾಮಾನ್ಯವಾಗಿ ಜಡವಾಗುತ್ತದೆ. ಜಡವಾದರೆ ಬೆಳಕು ಹೆಚ್ಚೇ ಬೀಳಬೇಕು. ಎಎಸ್‌ಎ, ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂದು ಕ್ಯಾಮೆರಾಕ್ಕೆ ಹೇಳುವ ಅಂಕಿ, ಸರಿಯಾಗಿ 200ರಲ್ಲೇ ಇತ್ತು. ಉಳಿದದ್ದು ಬೆಳಕನ್ನು ಅಳೆಯುವ ಲೈಟ್ ಮೀಟರ್ ಒಂದೇ.

ಮುಂದಿನ ಭಾನುವಾರ ಖಾಲಿ ಕ್ಯಾಮೆರಾ ಹಿಡಿದು ಮತ್ತೆ ಕೋಟೆ ಹತ್ತಿದೆ. ಹಳಬರ ಲೆಕ್ಕವೊಂದಿದೆ: ಮೋಡವಿಲ್ಲದ ಬಿಸಿಲು, ನೆರಳಿನ ಅಂಚು ಚೂಪು, ಹಾಗಿದ್ದರೆ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, 16; ಷಟರ್ ಎಎಸ್‌ಎಗೆ ಹತ್ತಿರದ ಅಂಕಿ. ನನ್ನ ಫಿಲ್ಮಿಗೆ ಅದು 250, ಅಂದರೆ ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗ. ಬಿಸಿಲು ಬಿದ್ದ ಬಂಡೆಯೊಂದಕ್ಕೆ ಕ್ಯಾಮೆರಾ ತಿರುಗಿಸಿದೆ. ಈ ಕ್ಯಾಮೆರಾದ ಕಣ್ಣುಗಂಡಿಯಲ್ಲಿ ಒಂದು ಸೂಜಿ, ಒಂದು ಪುಟ್ಟ ವೃತ್ತ ಕಾಣುತ್ತವೆ. ಎರಡೂ ಒಂದರ ಮೇಲೊಂದು ಕೂತರೆ ಬೆಳಕು ಸರಿ ಎಂದರ್ಥ. 250ರಲ್ಲಿ ಅವು ದೂರ ದೂರ. 500ಕ್ಕೆ ತಿರುಗಿಸಿದರೂ ಸೇರಲಿಲ್ಲ. 1000ಕ್ಕೆ ಹೋದರೆ ಸೂಜಿ ವೃತ್ತವನ್ನು ದಾಟಿಬಿಟ್ಟಿತು. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ; ಇಲ್ಲಿ ಒಟ್ಟು ಒಂದೂವರೆ ಸ್ಟಾಪ್ ತಪ್ಪು. ಇರುವುದಕ್ಕಿಂತ ಸುಮಾರು ಮೂರು ಪಟ್ಟು ಬೆಳಕಿದೆ ಎಂದು ಮೀಟರ್ ನಂಬಿತ್ತು, ಅದನ್ನು ನಾನೂ ನಂಬಿದ್ದೆ. ಒನಕೆ ಓಬವ್ವನ ಕಿಂಡಿಯ ನೆರಳಿಗೆ ಹೋಗಿ ಮೊಬೈಲಿನ ಮೀಟರ್ ಆ್ಯಪ್‌ನೊಂದಿಗೆ ತಾಳೆ ನೋಡಿದೆ. ಅಲ್ಲೂ ತಪ್ಪೇ. ಅಲ್ಲಿ ನಿಂತಿದ್ದ ಗೈಡ್ ಒಬ್ಬರು ನಾನು ಬರೀ ಅಳೆಯುತ್ತಿರುವುದನ್ನು ನೋಡಿ, "ಕಿಂಡಿ ಅಗಲ ಮಾಡಿಸುತ್ತೀರಾ ಮೇಡಂ?" ಎಂದು ಕೇಳಿದರು.

ಮನೆಗೆ ಬಂದು ಕ್ಯಾಮೆರಾ ಮಗುಚಿದೆ. ತಳದಲ್ಲಿ ಸೆಲ್ಲು ಪರೀಕ್ಷಿಸುವ ಗುಬುಟಿದೆ. ತಿರುಗಿಸಿದರೆ ಸೂಜಿ ಒಂದು ಚೌಕದ ಗುರುತಿಗೆ ಬಂದು ನಿಲ್ಲಬೇಕು. ನನ್ನದು ಗುರುತನ್ನು ದಾಟಿ ಮುಂದಕ್ಕೆ ಜಿಗಿಯುತ್ತಿತ್ತು. ಕಳೆದ ತಿಂಗಳೂ ಹೀಗೇ ಜಿಗಿದಿತ್ತು. ಸೆಲ್ಲು ಹೊಸದು, ಶಕ್ತಿ ಜಾಸ್ತಿ ಎಂದು ಖುಷಿಪಟ್ಟಿದ್ದೆ! ಕಳ್ಳ ಕಣ್ಣೆದುರಿಗೇ ಕೂತಿದ್ದ.

ಈ ಕ್ಯಾಮೆರಾಕ್ಕೆ ಬೇಕಾದದ್ದು ಪಿಎಕ್ಸ್ 625 ಎಂಬ ಪಾದರಸದ ಸೆಲ್ಲು, 1.35 ವೋಲ್ಟ್. ಅಂಗಡಿಯಾತ ಕೊಟ್ಟದ್ದು ಅದೇ ಗಾತ್ರದ ಆಲ್ಕಲೈನ್, 1.5 ವೋಲ್ಟ್. "ಎಲ್ಲ ಒಂದೇ ತಗೊಳ್ಳಿ" ಎಂದಿದ್ದ. ಎಸ್‌ಆರ್‌ಟಿಯ ಮೀಟರ್‌ಗೆ ಎಲ್ಲ ಒಂದೇ ಅಲ್ಲ. ವೋಲ್ಟೇಜ್ ಏರಿದರೆ ಸೂಜಿ ಹೆಚ್ಚು ಓಡುತ್ತದೆ. ತಪ್ಪು ಎಷ್ಟೆಂದು ತಿಳಿದ ಮೇಲೆ ಎಎಸ್‌ಎಯನ್ನೇ ಅಷ್ಟು ಇಳಿಸಿಟ್ಟರಾಯಿತಲ್ಲ ಎಂದುಕೊಂಡೆ. ಅದೂ ನಡೆಯುವುದಿಲ್ಲ. ಆಲ್ಕಲೈನ್ ಸೆಲ್ಲು ಬಳಸಿದಂತೆಲ್ಲ ಮೆಲ್ಲಗೆ ಇಳಿಯುತ್ತ ಹೋಗುತ್ತದೆ, ಇವತ್ತಿನ ತಿದ್ದುಪಡಿ ಮುಂದಿನ ತಿಂಗಳಿಗೆ ಸುಳ್ಳು. ಪಾದರಸದ್ದು ಸಾಯುವವರೆಗೂ ಒಂದೇ ಮಟ್ಟದಲ್ಲಿ ನಿಲ್ಲುತ್ತಿತ್ತು. ಆದರೆ ಪಾದರಸದ ಸೆಲ್ಲು ಈಗ ಮಾರಾಟಕ್ಕಿಲ್ಲ. ಪಾದರಸವನ್ನು ನಿಯಂತ್ರಿಸುವ 2013ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಿನಮಾಟದ ಹೆಸರಿದೆ. ಆ ವಿಷಕ್ಕೆ ಸಾವಿರಾರು ಜನ ಬಲಿಯಾದ ಆ ಊರು ಇರುವುದೂ ಈ ಕ್ಯಾಮೆರಾ ಹುಟ್ಟಿದ ದೇಶದಲ್ಲೇ. ಅದನ್ನು ನೆನೆದರೆ ಸೆಲ್ಲು ಸಿಗುವುದಿಲ್ಲವೆಂದು ಗೊಣಗಲು ಬಾಯಿ ಬರುವುದಿಲ್ಲ.

ಪರಿಹಾರ ಅಪ್ಪನ ದಿಂಬಿನ ಪಕ್ಕದಲ್ಲಿತ್ತು. ಅವರ ಕಿವಿಯ ಯಂತ್ರಕ್ಕೆ ಹಾಕುವುದು 675 ನಂಬರಿನ ಜಿಂಕ್-ಏರ್ ಸೆಲ್ಲು, 1.4 ವೋಲ್ಟ್. ನೀಲಿ ಚೀಟಿ ಕಿತ್ತರೆ ಸಣ್ಣ ತೂತುಗಳಿಂದ ಗಾಳಿ ಒಳಹೋಗಿ ಕೆಲಸ ಶುರುವಾಗುತ್ತದೆ. ಒಂದು ಕಷ್ಟವೆಂದರೆ ಅದರ ಅಗಲ ಹನ್ನೊಂದೂವರೆ ಮಿಲಿಮೀಟರು; ಕ್ಯಾಮೆರಾದ ಗುಳಿ ಹದಿನಾರರ ಹತ್ತಿರ. ಹಾರ್ಡ್‌ವೇರ್ ಅಂಗಡಿಯಲ್ಲಿ ರಬ್ಬರ್ ವಾಷರ್‌ಗಳ ಡಬ್ಬಿ ಕೆದಕಿ ಸರಿಹೊಂದುವ ಒಂದನ್ನು ಹುಡುಕಿ ತಂದೆ. ಸೆಲ್ಲಿಗೆ ಸಿಂಬಿಯಂತೆ ತೊಡಿಸಿ, ಎತ್ತರ ಸಾಲದ್ದಕ್ಕೆ ಅಲ್ಯೂಮಿನಿಯಂ ಹಾಳೆಯನ್ನು ಮಡಿಸಿ ಇಟ್ಟೆ. ಐದು ನಿಮಿಷ ಬಿಟ್ಟು ಗುಬುಟು ತಿರುಗಿಸಿದರೆ ಸೂಜಿ ಚೌಕಕ್ಕೆ ಬಂದು ಸುಮ್ಮನೆ ಕೂತಿತು. ತಾರಸಿಗೆ ಓಡಿದೆ. ಬಿಸಿಲಿನಲ್ಲಿ 16, 250: ಸೂಜಿ ವೃತ್ತದೊಳಗೆ!

ಎರಡನೆಯ ರೀಲಿನಲ್ಲಿ ಬಂಡೆಗಳಿಗೆ ಬಂಡೆಯ ಬಣ್ಣವೇ ಬಂದಿತ್ತು. ಸುಣ್ಣ ಬಳಿದ ಗೋಡೆಯೊಂದು ಮಾತ್ರ ಬೂದಿಯಾಗಿತ್ತು. ಅದು ನನ್ನ ತಪ್ಪು. ಮೀಟರ್‌ಗೆ ಜಗತ್ತೆಲ್ಲ ನಡುಬೂದಿ ಬಣ್ಣವೇ. ಬಿಳಿಯನ್ನು ಅಳೆದಾಗ ಒಂದೆರಡು ಸ್ಟಾಪ್ ಹೆಚ್ಚಿಗೆ ಕೊಡಬೇಕಾದವಳು ನಾನು.

ಕಳೆದ ವಾರ ದಾವಣಗೆರೆಯಲ್ಲಿ ನೆಂಟರ ಮದುವೆ. ಧಾರೆಗೆ ಇನ್ನೇನು ಹತ್ತು ನಿಮಿಷವಿರುವಾಗ ಅಪ್ಪ ಕಿವಿ ಮುಟ್ಟಿಕೊಂಡರು. ಚೀಲದಲ್ಲಿದ್ದ ಪೊಟ್ಟಣ ಖಾಲಿ. ನನ್ನ ಕೊರಳ ಕಡೆ ನೋಡಿದರು.

"ಅದರೊಳಗಿರುವುದು ಯಾರದು?"

ನಾಣ್ಯದಿಂದ ತಳದ ಮುಚ್ಚಳ ಬಿಚ್ಚಿ, ಸಿಂಬಿ ಕಳಚಿ, ಸೆಲ್ಲನ್ನು ಅವರ ಅಂಗೈಗೆ ಹಾಕಿದೆ. ಷಟರ್‌ಗೆ ಸೆಲ್ಲಿನ ಹಂಗಿಲ್ಲ, ಅದು ಬರೀ ಸ್ಪ್ರಿಂಗಿನ ಕೆಲಸ. ಅಪ್ಪ ಮಂತ್ರ ಕೇಳುತ್ತ ಕೂತರು. ನಾನು ಉಳಿದ ಹನ್ನೊಂದು ಚಿತ್ರಗಳನ್ನು ಅಂದಾಜಿನ ಮೇಲೆ ತೆಗೆದೆ. ರೀಲು ಇನ್ನೂ ತೊಳೆದು ಬಂದಿಲ್ಲ.