ಸೊಪ್ಪು ತುಂಬಿದ ಪೋರ್ಕ್ ರೋಸ್ಟ್: ಭಾನುವಾರದ ಊಟದ ತಯಾರಿ

ಗುರುವಾರ ಸಂಜೆ

ಮಾಂಸ ಬಂತು. ಮೂಳೆ ಬಿಡಿಸಿ ಚರ್ಮ ಉಳಿಸಿದ ಹೊಟ್ಟೆಭಾಗ, ಒಂದೇ ಹಾಳೆ, 2.6 ಕೆಜಿ. ಕೊಬ್ಬು, ನೀರು ಇಳಿದು ತೂಕ ಚೆನ್ನಾಗಿಯೇ ಕಡಿಮೆಯಾಗುತ್ತದೆ. ಆದರೂ ಹತ್ತು ಜನಕ್ಕೆ ಸಾಲುತ್ತದೆ. ಬೆಂಗಳೂರಿನ ಪೋರ್ಕ್ ಅಂಗಡಿಯಲ್ಲಿ ಸುಮ್ಮನೆ ನಿಂತರೆ ಕತ್ತಿ ನೇರ ಕರಿ ಪೀಸ್‌ಗೇ ಹೋಗುತ್ತದೆ. ಹಿಂದಿನ ದಿನವೇ ಹೇಳಿಡಬೇಕು: ಚರ್ಮ ಇರಲಿ, ಮೂಳೆ ತೆಗೀರಿ, ತುಂಡು ಮಾಡ್ಬೇಡಿ. ಬೆನ್ನಿನ ಲಾಯಿನ್ ನೋಡಲು ಅಚ್ಚುಕಟ್ಟಾಗಿದ್ದರೂ ಕೊಬ್ಬು ಕಡಿಮೆ. ಒಳಗಿನ ಶಾಖ 70 ಡಿಗ್ರಿ ದಾಟಿದರೆ ನಾರಾಗುತ್ತದೆ.

ಸುಟ್ಟು ತೆಗೆದ ಕೂದಲಿನ ಬುಡ ಚರ್ಮದಲ್ಲಿ ಉಳಿದೇ ಇರುತ್ತದೆ. ಹೊಸ ರೇಜರ್‌ನಿಂದ ಕೆರೆದು, ಒರೆಸಿ ಒಣಗಿಸಿದ್ದಾಗಿದೆ. ಇಲ್ಲದಿದ್ದರೆ ಓವನ್ ಬಿಸಿಯಾದ ಮೇಲೆ ಅದೇ ವಾಸನೆ ಮನೆಯೆಲ್ಲ ತುಂಬುತ್ತದೆ.

ಉಪ್ಪು ತೂಕದ ಶೇ. 1.5ರಂತೆ, ಅಂದರೆ ಸುಮಾರು 40 ಗ್ರಾಂ. ಚಮಚದ ಲೆಕ್ಕ ಬೇಡ. ಪುಡಿ ಉಪ್ಪು, ಕಲ್ಲುಪ್ಪು ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ. ಮುಕ್ಕಾಲು ಪಾಲು ಮಾಂಸದ ಬದಿಗೆ, ಉಳಿದದ್ದು ಚರ್ಮಕ್ಕೆ.

ಶುಕ್ರವಾರ ರಾತ್ರಿ

ತುಂಬುವ ಸೊಪ್ಪಿನಲ್ಲಿ ಮುಖ್ಯವಾದದ್ದು ದೊಡ್ಡಪತ್ರೆ, 25 ಎಲೆ. ಥೈಮ್, ಓರೆಗಾನೋಗಳ ವಾಸನೆ ಕೊಡುವ ಥೈಮಾಲ್, ಕಾರ್ವಕ್ರಾಲ್ ಇದರಲ್ಲೂ ಇವೆ. ಕುಂಡದಲ್ಲೇ ಬೆಳೆಯುವುದನ್ನು ಬಿಟ್ಟು ಒಣ ಡಬ್ಬಿಗೆ ದುಡ್ಡು ಕೊಡುವುದೇಕೆ? ಆದರೆ ಎಲೆ ರಸಭರಿತ. ಹಸಿಯಾಗಿಯೇ ತುಂಬಿದರೆ ನೀರು ಬಿಟ್ಟು ಒಳಗೆ ಹಬೆಯಾಡಿ ಮಾಂಸ ಬೇಯಿಸಿದಂತಾಗುತ್ತದೆ, ಕತ್ತರಿಸುವಾಗ ಸುರುಳಿಯ ಪದರಗಳು ಜಾರಿ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಸಣ್ಣಗೆ ಹೆಚ್ಚಿ, 12 ಎಸಳು ಬೆಳ್ಳುಳ್ಳಿಯೊಂದಿಗೆ ಎರಡು ಚಮಚ ಹಂದಿ ಕೊಬ್ಬಿನಲ್ಲಿ, ಸಣ್ಣ ಉರಿಯಲ್ಲಿ, ಚಟಪಟ ಸದ್ದು ಅಡಗುವ ತನಕ ಹುರಿಯಬೇಕು. ಆರಿದ ಮೇಲೆ ರೋಸ್‌ಮೇರಿ ಎರಡು ಕಡ್ಡಿ (ಹೆಚ್ಚಾದರೆ ಔಷಧಿಯ ವಾಸನೆ), ಹುರಿದು ಕುಟ್ಟಿದ ಸೋಂಪು ಎರಡು ಟೀ ಚಮಚ, ತರಿಯಾಗಿ ಕುಟ್ಟಿದ ಕಾಳುಮೆಣಸು ಒಂದು ಟೇಬಲ್ ಚಮಚ, ಒಂದು ನಿಂಬೆಯ ಸಿಪ್ಪೆಯ ತುರಿ, ಒಣ ಬ್ರೆಡ್ ಪುಡಿ 50 ಗ್ರಾಂ. ಉಪ್ಪು ಬೇಡ, ಮಾಂಸದಲ್ಲಿದೆ. ಕೊತ್ತಂಬರಿ, ಪುದೀನ ಬೇಕಿಲ್ಲ. ನಾಲ್ಕು ಗಂಟೆಯ ಶಾಖಕ್ಕೆ ಅವುಗಳ ಪರಿಮಳವೇ ಉಳಿಯುವುದಿಲ್ಲ.

ಸುತ್ತುವ ಮೊದಲು, ಒಳಗೆ ಸೇರುವ ಅಂಚಿನಿಂದ 5 ಸೆಂ.ಮೀ. ಅಗಲದ ಚರ್ಮದ ಪಟ್ಟಿ ಕೊಯ್ದು ತೆಗೆಯಬೇಕು. ಒಳಗೆ ಸಿಕ್ಕಿಕೊಂಡ ಚರ್ಮ ಗರಿಗರಿಯಾಗುವುದಿಲ್ಲ, ಎಷ್ಟು ಅಗಿದರೂ ಮುಗಿಯುವುದಿಲ್ಲ. ಮಸಾಲೆ ಅರ್ಧ ಸೆಂ.ಮೀ.ಗಿಂತ ದಪ್ಪ ಬೇಡ, ಅಂಚಿನಲ್ಲಿ 3 ಸೆಂ.ಮೀ. ಖಾಲಿ ಇರಲಿ. ಕಟ್ಟಲು ದಪ್ಪ ಹತ್ತಿ ಹುರಿ, ನೆನೆಸಿ ಹಿಂಡಿದ್ದು, 3 ಸೆಂ.ಮೀ.ಗೊಂದು ಗಂಟು. ನೈಲಾನ್ ಕರಗುತ್ತದೆ. ಸುರುಳಿಯ ಅಡ್ಡಳತೆ 12 ಸೆಂ.ಮೀ. ಬಂದಿದೆ; ಬೇಯುವ ಹೊತ್ತು ತೂಕಕ್ಕಿಂತ ಹೆಚ್ಚಾಗಿ ಈ ಅಳತೆಯನ್ನೇ ನಂಬಿಕೊಂಡಿರುತ್ತದೆ.

ಶನಿವಾರ

ಸುರುಳಿ ಫ್ರಿಜ್‌ನಲ್ಲಿ, ಜಾಲರಿಯ ಮೇಲೆ, ಮುಚ್ಚದೆ. ಕೆಳಗಿನ ಹಂತದಲ್ಲೇ ಇಡಬೇಕು, ಮೊಸರು ಬೆಣ್ಣೆಗಳು ಮುಚ್ಚಳದ ಡಬ್ಬಿಗೆ. ಸಂಜೆಗೆ ಚರ್ಮ ಮುಟ್ಟಿದರೆ ಕಾಗದದ ಹಾಗೆ ಒಣಗಿತ್ತು. ಮಳೆಯ ದಿನಗಳಲ್ಲಿ ಹೊರಗಿಟ್ಟು ಒಣಗಿಸುವ ಆಲೋಚನೆ ಬಿಡಿ.

ಭಾನುವಾರ

ಊಟ ಒಂದೂವರೆಗೆ. ಎಂಟೂಕಾಲಿಗೆ ಓಟಿಜಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) ಹಚ್ಚಿ, ಎಂಟೂವರೆಗೆ ಸುರುಳಿ ಒಳಗೆ. 2000 ವಾಟ್ ಯಂತ್ರಕ್ಕೆ 16 ಆಂಪಿಯರ್ ಪ್ಲಗ್ಗೇ ಬೇಕು, 6 ಆಂಪಿಯರ್‌ಗೆ ಎಕ್ಸ್‌ಟೆನ್ಷನ್ ಹಾಕಿ ಸಾಹಸ ಬೇಡ. ಕೆಳಗಿನ ಹಂತದಲ್ಲಿ, 160 ಡಿಗ್ರಿ. ಮೇಲಿನ ಕಡ್ಡಿಗೆ ಹತ್ತಿರವಾದರೆ ಚರ್ಮ ಮೊದಲೇ ಕಪ್ಪಾಗುತ್ತದೆ; ಆ ಭಾಗಕ್ಕಷ್ಟೇ ಫಾಯಿಲ್ ಮರೆ.

ಹನ್ನೊಂದಕ್ಕೆ ನಡುವಿನ ಶಾಖ 68. ಇಡೀ ತುಂಡಿಗೆ 63 ಡಿಗ್ರಿ ಮತ್ತು ಮೂರು ನಿಮಿಷದ ವಿಶ್ರಾಂತಿ ಸಾಕೆನ್ನುವ ಲೆಕ್ಕವಿದೆ. ಸುತ್ತಿದ ಮಾಂಸಕ್ಕೆ ಅದು ಸಲ್ಲದು, ರೋಗಾಣು ಕೂತಿರುವ ಹೊರಮೈಯೇ ಈಗ ನಡುವಿಗೆ ಬಂದಿದೆ. ಹೊಟ್ಟೆಭಾಗ ಮೆತ್ತಗಾಗಲು ಹೇಗೂ 80 ದಾಟಬೇಕು, ಲಾಡಿಹುಳುವಿನ ಭಯವೂ ಅಲ್ಲಿಗೆ ಮುಗಿಯುತ್ತದೆ.

ಹನ್ನೆರಡೂಕಾಲಿಗೆ 83. ತಟ್ಟೆಯ ಕೊಬ್ಬು ಬಸಿದು (ಬಿಟ್ಟರೆ ಮುಂದಿನ ಶಾಖಕ್ಕೆ ಹೊಗೆ), 240ಕ್ಕೆ ಏರಿಸಿ, ಐದು ನಿಮಿಷಕ್ಕೊಮ್ಮೆ ತಿರುಗಿಸುತ್ತಾ 25 ನಿಮಿಷ. ಚರ್ಮ ಗುಳ್ಳೆಯೆದ್ದಿತು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಈ ಹಂತದಲ್ಲಿ ಕರೆಂಟ್ ಹೋದರೆ ಕಾಯಬೇಡಿ, ದಪ್ಪ ಹೋಳು ಮಾಡಿ ಕಬ್ಬಿಣದ ಕಾವಲಿಯಲ್ಲಿ ಚರ್ಮದ ಬದಿ ಒತ್ತಿ ಹುರಿಯಿರಿ.

ವಿಶ್ರಾಂತಿ ಅರ್ಧ ಗಂಟೆ, ಫಾಯಿಲ್ ಮುಚ್ಚದೆ. ಮುಚ್ಚಿದರೆ ಹಬೆ ಚರ್ಮವನ್ನು ಮತ್ತೆ ರಬ್ಬರ್ ಮಾಡುತ್ತದೆ. ಬ್ರೆಡ್ ಚಾಕುವಿನಿಂದ ಒಂದು ಬೆರಳು ದಪ್ಪದ ಹೋಳು. ಬಸಿದ ರಸದ ಮೇಲಿನ ಕೊಬ್ಬು ತೆಗೆದು, ತಟ್ಟೆಯ ತಳಕ್ಕೆ ಅಂಟಿದ್ದನ್ನು ಬಿಸಿನೀರಿನಲ್ಲಿ ಕೆರೆದು ಸೇರಿಸಿ ಕುದಿಸಿದ್ದಾಗಿದೆ. ಅದಕ್ಕೆ ಕೊಡಗಿನ ಕಾಚಂಪುಳಿ (ಕಪ್ಪು ಹುಳಿ ರಸ) ಮೊದಲು ಅರ್ಧ ಚಮಚ, ರುಚಿ ನೋಡಿ ಇನ್ನರ್ಧ. ಜೊತೆಗೆ ಅಕ್ಕಿ ರೊಟ್ಟಿ. ತೆಗೆದ ಕೊಬ್ಬು ಸೋಸಿ ಗಾಜಿನ ಬಾಟಲಿಯಲ್ಲಿ ಫ್ರಿಜ್ ಸೇರಿದೆ, ಮುಂದಿನ ಸಲದ ದೊಡ್ಡಪತ್ರೆ ಹುರಿಯಲು ಅದೇ.