ಲೀನಿಯರ್ ಮಾಡೆಲ್ ಓದು: ಹಾರ್ಸ್‌ಪವರ್ ತೆಗೆದ ಮೇಲೆ ತೂಕದಲ್ಲಿ ಉಳಿದದ್ದೇನು?

ಮ್ಯಾಟ್ರಿಕ್ಸ್ ಭಾಗ ಮುಗೀತು. ಪ್ರೊಜೆಕ್ಷನ್, ಟ್ರೇಸ್, ರ‍್ಯಾಂಕ್ ಎಲ್ಲ ಕಾಗದದ ಮೇಲೆ ಸರಾಗವಾಗಿ ಬರುತ್ತಿದೆ. ಆದರೆ ಮಲ್ಟಿಪಲ್ ರಿಗ್ರೆಶನ್ (ಹಲವು ಅಂಶಗಳಿಂದ ಒಂದು ಸಂಖ್ಯೆಯನ್ನು ಅಂದಾಜಿಸೋ ಲೆಕ್ಕ) ಅಂದಕೂಡಲೇ ಎಲ್ಲರೂ ಹೇಳುವ 'ಉಳಿದದ್ದನ್ನು ಬದಲಾಗದಂತೆ ಇಟ್ಟರೆ' ಅನ್ನೋ ಮಾತು ಮಾತ್ರ ನನಗೆ ಇಳಿದಿರಲಿಲ್ಲ. ಯಾರು ಇಟ್ಟರು? ಡೇಟಾದಲ್ಲಿ ಎಲ್ಲವೂ ಒಟ್ಟಿಗೇ ಬದಲಾಗುತ್ತಿರುತ್ತೆ ಅಲ್ವಾ? ಈ ವಾರ ಪೂರ್ತಿ ಅದಕ್ಕೇ ಕೊಟ್ಟೆ.

ಡೇಟಾ, ಆರ್ (R) ಅನ್ನೋ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಜೊತೆಗೇ ಬರುವ ಎಂಟಿಕಾರ್ಸ್ (mtcars). 1974ರ ಅಮೆರಿಕದ ಒಂದು ಮೋಟಾರ್ ಪತ್ರಿಕೆಯಿಂದ ತೆಗೆದ 32 ಕಾರುಗಳು. ಎಲ್ಲರೂ ಬಳಸಿ ಸವೆದ ಡೇಟಾ, ನಿಜ, ಆದರೆ ಉತ್ತರವನ್ನು ಯಾರು ಬೇಕಾದರೂ ತಾಳೆ ನೋಡಬಹುದು. ಮೈಲೇಜಿಗೆ ತೂಕ ಒಂದನ್ನೇ ಹಾಕಿದರೆ ಸ್ಲೋಪ್ -5.34. ಅಂದರೆ ಸಾವಿರ ಪೌಂಡ್ ತೂಕ ಏರಿದರೆ ಗ್ಯಾಲನ್‌ಗೆ ಐದು ಮೈಲಿಗೂ ಜಾಸ್ತಿ ಖೋತಾ. ಹಾರ್ಸ್‌ಪವರ್ ಸೇರಿಸಿದಾಗ ಅದೇ ತೂಕದ ಸ್ಲೋಪ್ -3.88 ಆಗುತ್ತೆ. ಭಾರದ ಕಾರಿಗೆ ಸಾಮಾನ್ಯವಾಗಿ ಹೆಚ್ಚು ಶಕ್ತಿಯ ಎಂಜಿನ್, ಎರಡರ ಕೋರಿಲೇಶನ್ (ಒಟ್ಟಿಗೇ ಏರಿಳಿಯುವ ಮಟ್ಟ) 0.66. ಹಾಗಾಗಿ ಮೊದಲ ಮಾಡೆಲ್‌ನಲ್ಲಿ ತೂಕ ಎಂಜಿನ್ನಿನ ಪಾಪವನ್ನೂ ಹೊತ್ತಿತ್ತು.

ಇಲ್ಲಿ ಕೆಲಸಕ್ಕೆ ಬಂದದ್ದು ಫ್ರಿಶ್–ವಾ–ಲವೆಲ್ ಥಿಯರಂ (ಮೊದಲ ಇಬ್ಬರದು 1933, ಲವೆಲ್‌ದು 1963). ಮೈಲೇಜನ್ನು ಹಾರ್ಸ್‌ಪವರ್ ಮೇಲೆ ರಿಗ್ರೆಸ್ ಮಾಡಿ ರೆಸಿಡ್ಯುಯಲ್ (ನಿಜಕ್ಕೂ ಅಂದಾಜಿಗೂ ಇರುವ ಅಂತರ) ಎತ್ತಿಟ್ಟುಕೊಂಡೆ. ತೂಕವನ್ನೂ ಹಾಗೇ ಮಾಡಿದೆ. ಆಮೇಲೆ ಮೊದಲ ರೆಸಿಡ್ಯುಯಲ್‌ಗಳನ್ನು ಎರಡನೆಯವುಗಳ ಮೇಲೆ ಹಾಕಿದರೆ ಸ್ಲೋಪ್ -3.87783, ತೂಕ, ಹಾರ್ಸ್‌ಪವರ್ ಎರಡೂ ಇರುವ ದೊಡ್ಡ ಮಾಡೆಲ್ ಕೊಟ್ಟ ಅದೇ ಸಂಖ್ಯೆ, ಕೊನೇ ಅಂಕಿಯವರೆಗೂ. ಅಲ್ಲಿಗೆ ವಿಷಯ ಬಗೆಹರಿಯಿತು. ಯಾರೂ ಏನನ್ನೂ ಹಿಡಿದಿಟ್ಟಿಲ್ಲ, ಹಾರ್ಸ್‌ಪವರ್ ಹೇಳಬಲ್ಲಷ್ಟನ್ನು ಎರಡೂ ಕಡೆಯಿಂದ ಕಳೆದು ಮಿಕ್ಕಿದ್ದನ್ನು ಹೋಲಿಸಿದ್ದು, ಅಷ್ಟೇ.

ಒಂದು ಮಜಾ: ಸ್ಲೋಪ್ ಒಂದೇ ಆದರೂ ಸ್ಟ್ಯಾಂಡರ್ಡ್ ಎರರ್ (ಆ ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನೋ ಅಳತೆ) ಬೇರೆ. ದೊಡ್ಡ ಮಾಡೆಲ್‌ನಲ್ಲಿ 0.633, ರೆಸಿಡ್ಯುಯಲ್‌ಗಳ ಮಾಡೆಲ್‌ನಲ್ಲಿ 0.622. ಹಾರ್ಸ್‌ಪವರ್ ತೆಗೆಯಲು ಒಂದು ಡಿಗ್ರಿ ಆಫ್ ಫ್ರೀಡಂ (ಲೆಕ್ಕಕ್ಕೆ ಸಿಗುವ ಸ್ವತಂತ್ರ ಮಾಹಿತಿಯ ಎಣಿಕೆ) ಆಗಲೇ ಖರ್ಚಾಗಿದೆ ಅಂತ ಆರ್‌ಗೆ ಗೊತ್ತಿಲ್ಲ, ಅದು 29ರ ಬದಲು 30ರಿಂದ ಭಾಗಿಸುತ್ತೆ. 0.633 ಅನ್ನು 29/30ರ ವರ್ಗಮೂಲದಿಂದ ಗುಣಿಸಿ ನೋಡಿ, ಸರಿಹೋಗುತ್ತೆ.

ಲೆವರೇಜ್ (ಒಂದು ಕಾರು ಮಾಡೆಲನ್ನು ತನ್ನ ಕಡೆ ಎಷ್ಟು ಎಳೆಯಬಲ್ಲದು ಅನ್ನೋ ಅಳತೆ) ಕೂಡ ಸುಮ್ನೆ ಒಮ್ಮೆ ನೋಡಿದೆ. 335 ಹಾರ್ಸ್‌ಪವರ್‌ನ ಮಸೆರಾಟಿ ಬೋರಾದ್ದು 0.39, ಸರಾಸರಿ ಬರೀ 0.094. ಆದರೂ ಅದರ ರೆಸಿಡ್ಯುಯಲ್ ಎರಡು ಚಿಲ್ಲರೆ ಅಷ್ಟೇ. ಅತಿ ದೊಡ್ಡ ರೆಸಿಡ್ಯುಯಲ್ ಇರೋದು ಬಡಪಾಯಿ ಟೊಯೊಟಾ ಕೊರೊಲಾಗೆ.

ಈಗ ಸಿಲಿಂಡರ್ ಹತ್ತಿರ ಬಂದಿದ್ದೇನೆ. 4, 6, 8 ಮೂರಕ್ಕೂ ಒಂದೊಂದು ಡಮ್ಮಿ ಕಾಲಂ (ಆ ಗುಂಪಿನ ಕಾರಿಗೆ 1, ಉಳಿದವಕ್ಕೆ 0), ಜೊತೆಗೆ ಇಂಟರ್ಸೆಪ್ಟ್ (ಎಲ್ಲ ಕಾರಿಗೂ 1 ಇರುವ ಕಾಲಂ) ಹಾಕಿದರೆ, ಮೂರೂ ಡಮ್ಮಿ ಕೂಡಿದಾಗ ಇಂಟರ್ಸೆಪ್ಟೇ ಬರೋದರಿಂದ ಮ್ಯಾಟ್ರಿಕ್ಸ್‌ಗೆ ಇನ್ವರ್ಸ್ ಇರೋದಿಲ್ಲ. ಇಂಥ ಕಡೆ ಜನರಲೈಸ್ಡ್ ಇನ್ವರ್ಸ್ (ನಿಜವಾದ ಇನ್ವರ್ಸ್ ಇಲ್ಲದಾಗ ಅದರ ಬದಲಿಗೆ ಬಳಸೋ ಮ್ಯಾಟ್ರಿಕ್ಸ್) ಬಳಸಿ ದಾರಿ ತೋರಿಸಿದವರಲ್ಲಿ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಒಬ್ಬರು, 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. (ಕ್ಲಾಸಿನಲ್ಲಿ ಯಾರೂ ಇದನ್ನು ಹೇಳೋದಿಲ್ಲ, ಬೇಜಾರು.) ಆರ್ ತಾನಾಗೇ ಒಂದು ಕಾಲಂ ಬಿಟ್ಟು ಇಂಟರ್ಸೆಪ್ಟ್ 26.66 ಕೊಡುತ್ತೆ, ಅದು 4 ಸಿಲಿಂಡರ್ ಕಾರುಗಳ ಸರಾಸರಿ ಮೈಲೇಜು. ಕೋಡಿಂಗ್ ಬದಲಿಸಿ ಮೂರೂ ಗುಂಪುಗಳ ಎಫೆಕ್ಟ್‌ಗಳ ಮೊತ್ತ ಸೊನ್ನೆ ಆಗಬೇಕು ಅಂತ ಇಟ್ಟರೆ ಇಂಟರ್ಸೆಪ್ಟ್ 20.50 ಆಗುತ್ತೆ. ಆದರೆ 4ಕ್ಕೂ 6ಕ್ಕೂ ಇರುವ 6.92ರ ಅಂತರ ಯಾವುದರಲ್ಲೂ ಅಲ್ಲಾಡೋದಿಲ್ಲ. ಯಾವುದು ಅಲ್ಲಾಡುತ್ತೆ, ಯಾವುದು ಇಲ್ಲ ಅನ್ನೋದನ್ನು ಸಾಮಾನ್ಯವಾಗಿ ಪ್ರೂವ್ ಮಾಡೋದು ಮುಂದಿನ ಕೆಲಸ. ಎಸ್ಟಿಮಬಿಲಿಟಿ (ಹೀಗೆ ಅಲ್ಲಾಡದೆ ಉಳಿಯೋ ಗುಣ) ಮೇಲೆ ಒಳ್ಳೆ ಲೆಕ್ಕಗಳಿದ್ದರೆ ಕಳಿಸಿ.